ಅಳೆದು ನೋಡಿ ನಡೆದ ಮಹನೀಯ ಸರ್ ಎಂ. ವಿಶ್ವೇಶ್ವರಯ್ಯ

ಸಹಕಾರ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅಣೆಕಟ್ಟು ಕಟ್ಟಿಸಿದ ಇಂಜಿನಿಯರರ ಕಥೆ ಯಾಕೆ ಅಂತ ಕೆಲವರು ಕೇಳಬಹುದು. ಮಹಾಸಭೆ ಬಂತೆಂದರೆ ನಾವೆಲ್ಲ ಕೇಳುವ ಪ್ರಶ್ನೆ ಒಂದುಂಟು: ಪಕ್ಕದೂರಿನ ಸೊಸೈಟಿ ಅಷ್ಟು ಡಿವಿಡೆಂಡ್ ಕೊಟ್ಟಿತು, ನಮ್ಮದು ಯಾಕೆ ಕೊಡಲಿಲ್ಲ? ಪ್ರಶ್ನೆ ಸರಿಯೇ. ಆದರೆ ಹೋಲಿಸುವುದಕ್ಕೂ ಒಂದು ಕ್ರಮವಿದೆ. ಆ ಕ್ರಮವನ್ನು ಜೀವಮಾನವಿಡೀ ಪಾಲಿಸಿದವರು ವಿಶ್ವೇಶ್ವರಯ್ಯನವರು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿ ಖರ್ಚು ಹೊಂದಿಸಿಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು 1884ರಲ್ಲಿ ಬೊಂಬಾಯಿ ಸರಕಾರದ ಸೇವೆಗೆ ಸೇರಿದರು.

1898ರಲ್ಲಿ ಅವರು ಜಪಾನಿಗೆ ಹೋದರು. ಅಲ್ಲಿಯ ಕಾರ್ಖಾನೆಗಳನ್ನು ನೋಡಿ ಬೆರಗಾಗಿ ಬಂದದ್ದಲ್ಲ. ಅವರು ಹೇಗೆ ಮುಂದೆ ಬಂದರು ಅಂತ ಬೇರು ಹುಡುಕಿದರು. ಕಾರ್ಖಾನೆಯ ಹಿಂದೆ ಶಾಲೆ ಇದ್ದದ್ದು ಅವರ ಕಣ್ಣಿಗೆ ಬಿತ್ತು. ನಮ್ಮ ದೇಶದಲ್ಲಾದರೋ 1911ರ ಜನಗಣತಿಯಲ್ಲೂ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ಆರು ಮಂದಿ ಮಾತ್ರ. 1912ರಲ್ಲಿ ಮೈಸೂರಿನ ದಿವಾನರಾದ ಮೇಲೆ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ, ಅದೇ ವರ್ಷ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ ಬಂದವು. ಅದಕ್ಕೂ ಮೊದಲೇ, 1911ರಲ್ಲಿ, ಅವರ ಒತ್ತಾಸೆಯಿಂದ ಆರಂಭವಾದ ಆರ್ಥಿಕ ಸಮ್ಮೇಳನವು ಕೃಷಿ, ಕೈಗಾರಿಕೆ, ಶಿಕ್ಷಣಗಳ ಸ್ಥಿತಿಯನ್ನು ವಿಚಾರಿಸಿ ನೋಡತೊಡಗಿತ್ತು. ಮೊದಲು ಅಂಕಿ ಅಂಶ, ಮತ್ತೆ ಮಾತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಸಿಕ್ಕಿಕೊಂಡಾಗ 1923ರಲ್ಲಿ ಅದರ ಮಂಡಳಿಯ ಹೊಣೆ ಅವರ ಹೆಗಲಿಗೆ ಬಂತು. ಯುದ್ಧ ಮುಗಿದು ಕಬ್ಬಿಣದ ಬೆಲೆ ಇಳಿದಿತ್ತು. ಬೆಲೆ ನಮ್ಮ ಕೈಯಲ್ಲಿಲ್ಲ, ಖರ್ಚು ನಮ್ಮ ಕೈಯಲ್ಲುಂಟು ಎಂಬ ದಾರಿ ಹಿಡಿದರು. ಹೆಚ್ಚು ಸಂಬಳದ ವಿದೇಶೀಯರ ಜಾಗಕ್ಕೆ ನಮ್ಮವರನ್ನೇ ತಯಾರು ಮಾಡಿದರು. 1929ರಲ್ಲಿ ಅವರು ಬಿಡುವಾಗ ಕಾರ್ಖಾನೆ ಚೇತರಿಸಿಕೊಂಡಿತ್ತು.

ಒಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಹಿಂದುಳಿದ ವರ್ಗಗಳಿಗೆ ಸರಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಚಾರಕ್ಕೆ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗ, ಅರ್ಹತೆಯೊಂದೇ ಅಳತೆಯಾಗಬೇಕೆಂದಿದ್ದ ಅವರು ಒಪ್ಪದೆ ಪದವಿ ಬಿಟ್ಟರು. ಓಟ ಶುರುವಾಗುವ ಗೆರೆಯೇ ಎಲ್ಲರಿಗೂ ಒಂದಾಗಿರಲಿಲ್ಲ ಎಂಬುದನ್ನು ಮಹಾರಾಜರು ಕಂಡಿದ್ದರು. ಇಲ್ಲಿ ಮಹಾರಾಜರದ್ದೇ ಸರಿ ಎಂದು ನಮಗೆ ತೋರುತ್ತದೆ.

1955ರಲ್ಲಿ ಭಾರತರತ್ನರಾಗಿ, 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ ಈ ಹಿರಿಯರ ಬದುಕಿನ ಸಾಧನೆಯಿಂದಲೂ ಕೊರತೆಯಿಂದಲೂ ನಾವು ಕಲಿಯುವುದಿದೆ. ಪಕ್ಕದ ಸೊಸೈಟಿಯ ಡಿವಿಡೆಂಡ್ ಮಾತ್ರ ನೋಡಿದರೆ ಸಾಲದು. ಅವರ ಸದಸ್ಯರಲ್ಲಿ ಅಡಿಕೆ ತೋಟದವರೆಷ್ಟು, ಬೀಡಿ ಕಟ್ಟುವವರೆಷ್ಟು? ಸುಸ್ತಿ ಸಾಲ ಎಷ್ಟು, ವಸೂಲಿ ಹೇಗೆ ಮಾಡಿದರು? ಹೋಗಿ ಕೇಳಬೇಕು. ನಮ್ಮದೇ ಹೋದ ವರ್ಷದ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಇಪ್ಪತ್ತೈದು ವರ್ಷದ ಪುಸ್ತಕಗಳು ನಮ್ಮ ಕಪಾಟಿನಲ್ಲೇ ಇವೆ. ಆಡಳಿತ ಮಂಡಳಿಯೂ ಸದಸ್ಯರೂ ಕೂಡಿ ಕುಳಿತು ಅವನ್ನು ಓದುವ ಕೆಲಸ ಈ ವರ್ಷವೇ ಆಗಲಿ.