ಸೂರ್ಯನ ಲೆಕ್ಕ ಬರೆದ ಹವ್ಯಾಸಿ : ಜಾನ್ ಎವರ್ಷೆಡ್

ನಮ್ಮ ಪೆರಂಬೂರಿನಲ್ಲಿ ಸೂರ್ಯನ ವಿಷಯವಾಗಿ ಒಳ್ಳೆಯ ಮಾತನಾಡುವವರು ಕಡಮೆ. ಚೈತ್ರ ವೈಶಾಖಗಳಲ್ಲಿ ಮಾಳಿಗೆಯ ಗಚ್ಚಿನ ಮೇಲೆ ಬರಿಗಾಲಿಡುವಂತಿಲ್ಲ. ಹಪ್ಪಳ ಸಂಡಿಗೆ ಒಣಗಿಸುವ ಗೃಹಿಣಿಯರು ಮಾತ್ರ ಅವನನ್ನು ಹರಸಿಯಾರು. ಅಂಥ ಸೂರ್ಯನನ್ನೇ ಮೆಚ್ಚಿ, ಉದ್ಯೋಗದಿಂದ ಬಿಡುವಾದಾಗಲೆಲ್ಲ ಅವನ ಛಾಯಾಚಿತ್ರ ತೆಗೆಯುತ್ತ, ಆ ಹವ್ಯಾಸದ ಬೆನ್ನುಹತ್ತಿ ನಮ್ಮ ನೆರೆಯ ಕೋಡೈಕನಾಲಿಗೆ ಬಂದು, ಜಗತ್ತೇ ನೆನೆಯುವ ಸಂಗತಿಯೊಂದನ್ನು ಕಂಡುಹಿಡಿದ ಮಹನೀಯರೊಬ್ಬರಿದ್ದರು. ಅವರೇ ಜಾನ್ ಎವರ್ಷೆಡ್. ಅವರ ಜೀವನದಲ್ಲಿ ನಮ್ಮಂಥ ಸಂಬಳದಾರರಿಗೆ ಒಂದು ಪಾಠವಿದೆಯೆಂದು ತೋರಿದುದರಿಂದ ಈ ಲೇಖನವನ್ನು ಬರೆಯಲು ಧೈರ್ಯಮಾಡಿದ್ದೇನೆ.

ಎವರ್ಷೆಡ್ ಹುಟ್ಟಿದುದು 1864ರ ಫೆಬ್ರವರಿ 26ರಂದು, ಇಂಗ್ಲೆಂಡಿನ ಸರ್ರೆ ಪ್ರಾಂತದ ಗೋಮ್ಶಾಲ್ ಎಂಬ ಹಳ್ಳಿಯಲ್ಲಿ. ಪ್ರಾಯಕ್ಕೆ ಬಂದಮೇಲೆ ಅವರು ಹಿಡಿದದ್ದು ಲಂಡನ್ನಿನ ರಾಸಾಯನಿಕ ಸಂಸ್ಥೆಯೊಂದರ ಕೆಲಸ. ಹಗಲೆಲ್ಲ ವಸ್ತುಗಳನ್ನು ಪರೀಕ್ಷಿಸುವುದು, ಮನೆಗೆ ಬರುವುದು. ಹೊಟ್ಟೆಪಾಡು ಅಲ್ಲಿಗೆ ನಡೆಯಿತು. ಆದರೆ ಮನಸ್ಸು ಆಕಾಶದಲ್ಲಿತ್ತು. ಖಗೋಳ ವಿದ್ಯೆಯನ್ನು ಅವರು ತಾವಾಗಿಯೇ ಕಲಿತರು. 1890ರಲ್ಲಿ ಕೆನ್ಲಿ ಎಂಬಲ್ಲಿ ಒಂದು ಪುಟ್ಟ ಸ್ವಂತ ವೀಕ್ಷಣಾಲಯವನ್ನು ಕಟ್ಟಿಕೊಂಡರು. ರಾನ್ಯಾರ್ಡ್ ಎಂಬ ಹಿರಿಯ ಮಿತ್ರರು 1894ರಲ್ಲಿ ತೀರಿಕೊಂಡಾಗ ತಮ್ಮ 18 ಅಂಗುಲದ ದೂರದರ್ಶಕವನ್ನು ಇವರಿಗೇ ಬಿಟ್ಟುಹೋದರು. ಹಿರಿಯರಿಂದ ಬಂದ ಆಸ್ತಿಯನ್ನು ಹಾಳುಮಾಡದೆ ಬೆಳೆಸುವವನೇ ಜಾಣನಷ್ಟೆ. ಸೂರ್ಯನ ಅಂಚಿನಿಂದ ಮೇಲೇಳುವ ಅನಿಲದ ಜ್ವಾಲೆಗಳನ್ನು ಬಿಡುವಿದ್ದಾಗಲೆಲ್ಲ ನೋಡಿ ದಾಖಲೆಮಾಡುವುದು ಎವರ್ಷೆಡ್ಡರಿಗೆ ನಿತ್ಯನೇಮವಾಯಿತು.

ಪೂರ್ಣ ಸೂರ್ಯಗ್ರಹಣವಾದಲ್ಲಿಗೆ ಸ್ವಂತ ಉಪಕರಣಗಳನ್ನು ಹೊತ್ತುಕೊಂಡು ಹೋಗುವುದು ಅವರ ಮತ್ತೊಂದು ಹುಚ್ಚು. 1896ರಲ್ಲಿ ನಾರ್ವೆಗೆ ಹೋದರು. ಮೋಡ ಕವಿದು ಶ್ರಮವೆಲ್ಲ ನೀರುಪಾಲಾಯಿತು. ಆದರೆ ಆ ಯಾತ್ರೆಯಲ್ಲಿಯೇ ಮೇರಿ ಓರ್ ಎಂಬ ಖಗೋಳಾಸಕ್ತೆಯ ಪರಿಚಯವಾಯಿತು. ಹತ್ತು ವರ್ಷಗಳ ಮೇಲೆ ಅವರಿಬ್ಬರೂ ಸತಿಪತಿಗಳಾದರು. ಮೋಡ ಕವಿದರೂ ಗ್ರಹಣ ವ್ಯರ್ಥವಾಗಲಿಲ್ಲವೆನ್ನಬೇಕು! 1898ರ ಜನವರಿ 22ರ ಗ್ರಹಣಕ್ಕೆ ಎವರ್ಷೆಡ್ ನಮ್ಮ ದೇಶಕ್ಕೇ ಬಂದು, ಬೀರಾರ್ ಪ್ರಾಂತದ ತಲ್ನಿಯಲ್ಲಿ ಬೀಡುಬಿಟ್ಟು, ಸೂರ್ಯನ ಹೊರಪದರದ ಬೆಳಕನ್ನು ಯಶಸ್ವಿಯಾಗಿ ಗಾಜಿನ ಫಲಕಗಳ ಮೇಲೆ ಸೆರೆಹಿಡಿದರು.

ಇನ್ನು ಕೋಡೈಕನಾಲಿನ ಕಥೆ. 1876ರಿಂದ 1878ರವರೆಗೆ ಮದರಾಸು ಪ್ರಾಂತವನ್ನೂ ನಮ್ಮ ಮೈಸೂರು ಸೀಮೆಯನ್ನೂ ಭಯಂಕರ ಕ್ಷಾಮ ಸುಟ್ಟುಹಾಕಿತು. ಧಾತು ಈಶ್ವರದ ಬರ ಎಂದರೆ ನಮ್ಮ ಮುತ್ತಜ್ಜಿಯಂದಿರು ನಡುಗುತ್ತಿದ್ದರಂತೆ. ಸೂರ್ಯನ ಮೈಮೇಲಿನ ಕಲೆಗಳು ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಹೆಚ್ಚಿ ತಗ್ಗುವುದಕ್ಕೂ ಮಳೆ ಹೋಗುವುದಕ್ಕೂ ಸಂಬಂಧವಿರಬಹುದೇ ಎಂಬ ಪ್ರಶ್ನೆ ಆಗ ಎದ್ದಿತು. ಮಳೆಯ ಭವಿಷ್ಯ ಅಷ್ಟು ಸುಲಭವಾಗಿ ದೊರೆಯಲಿಲ್ಲವೆಂಬುದು ನಿಜ; ಆದರೆ ಸೂರ್ಯನನ್ನು ದಿನವೂ ನೋಡಬೇಕೆಂಬ ಸಂಕಲ್ಪ ಉಳಿಯಿತು. ನಮ್ಮ ನುಂಗಂಬಾಕಂನಲ್ಲಿ 1792ರಿಂದ ನಡೆದುಬಂದಿದ್ದ ಮದರಾಸು ವೀಕ್ಷಣಾಲಯದ ಕೆಲಸವನ್ನು 1899ರಲ್ಲಿ ಕೋಡೈಕನಾಲಿನ ಬೆಟ್ಟಕ್ಕೆ ವರ್ಗಾಯಿಸಿದರು. ಹಳೆಯ ದೂರದರ್ಶಕವನ್ನು ಹೊತ್ತಿದ್ದ ಕಲ್ಲುಕಂಬವು ಇಂದಿಗೂ ನುಂಗಂಬಾಕಂನ ಹವಾಮಾನ ಕಚೇರಿಯ ಆವರಣದಲ್ಲಿ ನಿಂತಿದೆ.

ಆ ಬೆಟ್ಟಕ್ಕೆ 1907ರ ಜನವರಿಯಲ್ಲಿ ಎವರ್ಷೆಡ್ ದಂಪತಿಗಳು ಬಂದಿಳಿದರು. ಹವ್ಯಾಸವೇ ಉದ್ಯೋಗವಾಯಿತು, ಆಗ ಅವರಿಗೆ ನಲವತ್ತೆರಡು ವರ್ಷ. ಸೂರ್ಯನನ್ನು ಒಂದೇ ಬಣ್ಣದ ಬೆಳಕಿನಲ್ಲಿ ಚಿತ್ರಿಸುವ ಯಂತ್ರವೊಂದು ಅಲ್ಲಿ ಮೊದಲೇ ಬಂದಿತ್ತು. ಅದನ್ನು ಅವರು ಹದಕ್ಕೆ ತಂದರು. ಲೆಡ್ಜರಿನ ಪುಟದ ಮೇಲೆ ಸಣ್ಣ ಸೀಳುಳ್ಳ ರಟ್ಟನ್ನಿಟ್ಟು, ಅದನ್ನು ಮೆಲ್ಲನೆ ಜಾರಿಸುತ್ತ ಸಾಲುಸಾಲಾಗಿ ಓದಿದರೆ ಪುಟವೆಲ್ಲ ಓದಿದಂತಾಗುತ್ತದಲ್ಲವೆ? ಈ ಯಂತ್ರವೂ ಹಾಗೆಯೇ. ಸೂರ್ಯಬಿಂಬದ ಒಂದೊಂದೇ ಸಾಲು ಸೀಳಿನೊಳಗೆ ಹೊಕ್ಕು ಏಳು ಬಣ್ಣಗಳಾಗಿ ಒಡೆಯುತ್ತದೆ. ಎರಡನೆಯ ಸೀಳು ಅದರಲ್ಲಿ ಕ್ಯಾಲ್ಷಿಯಂ ಧಾತುವಿನ ಬೆಳಕನ್ನು ಮಾತ್ರ ಫಲಕದ ಮೇಲೆ ಬಿಡುತ್ತದೆ. ಕಣ್ಣಿಗೆ ಬರಿಯ ಬಿಳಿಯ ತಟ್ಟೆಯಾಗಿ ಕಾಣುವ ಸೂರ್ಯನು ಈ ಚಿತ್ರದಲ್ಲಿ ಮೋಡಗಳಿಂದಲೂ ಬಲೆಗಳಿಂದಲೂ ತುಂಬಿದಂತೆ ತೋರುತ್ತಾನೆ. ಮುಂದೆ ಹೈಡ್ರೋಜನ್ನಿನ ಬೆಳಕಿಗಾಗಿ ಇಂಥದೇ ಮತ್ತೊಂದು ಯಂತ್ರವನ್ನು ಎವರ್ಷೆಡ್ಡರೇ ರಚಿಸಿದರು.

ಅವರ ಹೆಸರನ್ನು ಶಾಶ್ವತಗೊಳಿಸಿದ ದಿನ 1909ರ ಜನವರಿ 5. ಅದನ್ನು ತಿಳಿಯಲು ಪೆರಂಬೂರಿನವರಿಗೆ ಹೆಚ್ಚು ಶ್ರಮವಿಲ್ಲ. ರೈಲು ನಮ್ಮತ್ತ ಬರುವಾಗ ಅದರ ಸಿಳ್ಳು ಏರಿದ ದನಿಯಲ್ಲಿಯೂ, ದಾಟಿ ಹೋಗುವಾಗ ಇಳಿದ ದನಿಯಲ್ಲಿಯೂ ಕೇಳುತ್ತದೆ. ಬೆಳಕಿನ ರೀತಿಯೂ ಅದೇ. ಬೆಳಗುವ ಅನಿಲ ನಮ್ಮತ್ತ ಬಂದರೆ ಅದರ ವರ್ಣಪಟಲದ ಗೆರೆಗಳು ನೇರಿಳೆಯ ಕಡೆಗೂ, ದೂರ ಸರಿದರೆ ಕೆಂಪಿನ ಕಡೆಗೂ ಜರುಗುತ್ತವೆ. ಹಿಂದಿನ ವರ್ಷವಷ್ಟೇ ಅಮೆರಿಕದ ಹೇಲ್ ಎಂಬವರು ಸೂರ್ಯನ ಕಲೆಗಳಲ್ಲಿ ಬಲವಾದ ಕಾಂತಶಕ್ತಿಯಿದೆಯೆಂದು ತೋರಿಸಿದ್ದರು. ಹಾಗಾದರೆ ಅಲ್ಲಿ ಅನಿಲವು ಸುಂಟರಗಾಳಿಯಂತೆ ಸುತ್ತುತ್ತಿರಬೇಕೆಂದು ಎಣಿಸಿ ಎವರ್ಷೆಡ್ ಚಿತ್ರ ತೆಗೆದರು. ಫಲಕದಲ್ಲಿ ಕಂಡದ್ದು ಬೇರೆ. ಅನಿಲವು ಸುತ್ತುತ್ತಿರಲಿಲ್ಲ, ಕಲೆಯ ನಡುವಿನಿಂದ ಮಸುಕಾದ ಅಂಚಿನ ಮೂಲಕ ಸುತ್ತಲೂ ಹೊರಕ್ಕೆ, ಸೆಕೆಂಡಿಗೆ ಸುಮಾರು ಎರಡು ಕಿಲೋಮೀಟರ್ ವೇಗದಲ್ಲಿ, ಹರಿಯುತ್ತಿತ್ತು. ತಾವು ನಿರೀಕ್ಷಿಸಿದ್ದಕ್ಕೆ ವಿರುದ್ಧವಾದುದು ಕಂಡಾಗ ಅದನ್ನು ಮುಚ್ಚಿಡದೆ, ಅಲಕ್ಷಿಸದೆ, ಬೇರೆ ಬೇರೆ ಕಲೆಗಳಲ್ಲಿ ಪರೀಕ್ಷಿಸಿ ಪ್ರಕಟಿಸಿದ್ದು ಅವರ ಪ್ರಾಮಾಣಿಕತೆ. ಈ ಹರಿವನ್ನು ಇಂದಿಗೂ ಎವರ್ಷೆಡ್ ಪರಿಣಾಮವೆಂದೇ ಕರೆಯುತ್ತಾರೆ.

1911ರಲ್ಲಿ ಅವರು ವೀಕ್ಷಣಾಲಯದ ನಿರ್ದೇಶಕರಾದರು. ಇನ್ನೂ ನಿಶ್ಚಲವಾದ ಗಾಳಿ ಎಲ್ಲಿ ದೊರಕೀತೆಂದು ಹುಡುಕುತ್ತ ಕಾಶ್ಮೀರಕ್ಕೂ ಹೋಗಿ ಕೆಲಕಾಲ ಚಿತ್ರ ತೆಗೆದರು. ಪತ್ನಿ ಮೇರಿಯವರು ಬರಿಯ ಸಹಧರ್ಮಿಣಿಯಲ್ಲ, ಸಹೋದ್ಯೋಗಿಯೂ ಹೌದು. ಸೂರ್ಯನ ಜ್ವಾಲೆಗಳನ್ನು ಕುರಿತ ದೊಡ್ಡ ಗ್ರಂಥವೊಂದನ್ನು 1917ರಲ್ಲಿ ದಂಪತಿಗಳು ಕೂಡಿಯೇ ಪ್ರಕಟಿಸಿದರು. 1915ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1918ರಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕ ಎವರ್ಷೆಡ್ಡರನ್ನು ಅರಸಿಬಂದವು. ಸೋಲುಗಳೂ ಬರದೆ ಇರಲಿಲ್ಲ. 1922ರ ಗ್ರಹಣಕ್ಕಾಗಿ ಆಸ್ಟ್ರೇಲಿಯಾದ ವಾಲ್ಲಾಲ್ ಎಂಬ ಕಡಲತೀರದವರೆಗೆ ಹೋದಾಗ ಉಪಕರಣ ಕೈಕೊಟ್ಟು ಬರಿಗೈಯಲ್ಲಿ ಮರಳಬೇಕಾಯಿತು. ಮರುವರ್ಷ ನಿವೃತ್ತರಾಗಿ ಸ್ವದೇಶಕ್ಕೆ ತೆರಳಿದ ಅವರು ಈಸಿಚೇರನ್ನು ಆಶ್ರಯಿಸಲಿಲ್ಲ. ಯೂಹರ್ಸ್ಟ್ ಎಂಬಲ್ಲಿ ಮತ್ತೆ ಸ್ವಂತ ವೀಕ್ಷಣಾಲಯ ಕಟ್ಟಿ, ಇಳಿವಯಸ್ಸಿನಲ್ಲಿಯೂ ಸೂರ್ಯನ ಚಿತ್ರಗಳನ್ನು ತೆಗೆಯುತ್ತಲೇ ಇದ್ದರು. ಹವ್ಯಾಸಿಯಾಗಿ ಹೊರಟವರು ಹವ್ಯಾಸಿಯಾಗಿಯೇ ಮನೆ ಸೇರಿದರು. 1956ರ ನವೆಂಬರ್ 17ರಂದು, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಅವರು ಕಾಲವಾದರು.

ಬ್ಯಾಂಕಿನಲ್ಲಿ ದಿನವಹಿ ಬರೆಯುವವನಿಗೆ ಒಂದು ಸತ್ಯ ಗೊತ್ತು. ಒಂದು ದಿನದ ಪುಟವನ್ನು ಯಾರೂ ಮೆಚ್ಚುವುದಿಲ್ಲ. ಆದರೆ ನಡುವೆ ಒಂದು ಪುಟ ಇಲ್ಲವಾದರೆ ಇಡೀ ಲೆಕ್ಕ ನಿಂತುಹೋಗುತ್ತದೆ. ಕೋಡೈಕನಾಲಿನ ಸೂರ್ಯಚಿತ್ರಗಳೂ ಹಾಗೆಯೇ. ಈ ಶತಮಾನದ ಲೆಕ್ಕವನ್ನು ಎವರ್ಷೆಡ್ ಒಬ್ಬರೇ ಬರೆದವರಲ್ಲ. ಚಳಿಯಲ್ಲಿ ಎದ್ದು, ಮೋಡ ಸರಿಯುವುದನ್ನು ಕಾದು, ಫಲಕಗಳನ್ನು ತೊಳೆದು ಒಣಗಿಸಿ ದಿನಾಂಕ ಹಾಕಿಟ್ಟ ನಮ್ಮವರು ಎಷ್ಟೋ ಮಂದಿ. ಒಂದೇ ಮನೆತನದ ಮೂರು ತಲೆಮಾರಿನವರು ಈ ಸೇವೆಯಲ್ಲಿ ಸವೆದುದುಂಟು. ಆ ಫಲಕಗಳನ್ನೆಲ್ಲ ಈಗ ಕಂಪ್ಯೂಟರಿಗೆ ಏರಿಸಿದ್ದಾರೆ. ದೇಶವಿದೇಶಗಳ ವಿಜ್ಞಾನಿಗಳು ಅವನ್ನು ತೆರೆದು ಸೂರ್ಯನ ಹಿಂದಿನ ನಡತೆಯನ್ನು ಓದುತ್ತಾರೆ. ಆ ವೀಕ್ಷಣಾಲಯವು ಈಗ ನಮ್ಮ ಬೆಂಗಳೂರಿನ ಭಾರತೀಯ ಖಗೋಳಭೌತ ವಿಜ್ಞಾನ ಸಂಸ್ಥೆಗೆ ಸೇರಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ನೌಕೆಯ ಮುಖ್ಯ ಉಪಕರಣವನ್ನು ರಚಿಸಿದುದೂ ಆ ಸಂಸ್ಥೆಯೇ ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ವಿಷಯ.

2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡುಗಳ ನಮ್ಮ ಬಂಧುಗಳು ಕಂಕಣಗ್ರಹಣವನ್ನು ಕಂಡಾಗ, ಚೆನ್ನೈಯಲ್ಲಿ ನಮಗೆ ಸಿಕ್ಕಿದುದು ಪಾರ್ಶ್ವಗ್ರಹಣ ಮಾತ್ರ. ಅಂದು ನಮ್ಮ ಬೀದಿಯ ಬೇವಿನ ಮರದ ಕೆಳಗೆ, ಎಲೆಗಳ ಸಂದಿನಿಂದ ಇಳಿದ ಬೆಳಕೆಲ್ಲ ಕುಡುಗೋಲಿನಾಕಾರವಾಗಿ ನೆಲದ ಮೇಲೆ ಹರಡಿತ್ತು. ಅದರ ಚಿತ್ರ ತೆಗೆದುದೇ ನನ್ನ ಏಕೈಕ ಸೂರ್ಯಚಿತ್ರ. ಅದರ ಮಾರನೆಯ ದಿನ ಕ್ಯಾಮರಾ ಮತ್ತೆ ಬೀರು ಸೇರಿತು. ಎವರ್ಷೆಡ್ಡರಿಗೂ ನನಗೂ ಇರುವ ಅಂತರ ಆ ಮಾರನೆಯ ದಿನವೇ.

ಆದುದರಿಂದ ಹಬ್ಬದ ಈ ಹೊತ್ತಿನಲ್ಲಿ ತಾಯಿತಂದೆಗಳಲ್ಲಿ ಒಂದು ಬಿನ್ನಹ. ಮಕ್ಕಳು ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ಕ್ಯಾಮರಾದ ಕಿಂಡಿಯಿಂದಾಗಲಿ ನೋಡಕೂಡದು. ಕಣ್ಣು ಹೋದರೆ ಮರಳಿ ಬಾರದು. ರಟ್ಟಿನಲ್ಲಿ ಸೂಜಿಯಷ್ಟು ತೂತುಮಾಡಿ, ಸೂರ್ಯನಿಗೆ ಬೆನ್ನುಮಾಡಿ ನಿಂತು, ಬಿಂಬವನ್ನು ಬಿಳಿಯ ಕಾಗದದ ಮೇಲೆ ಹಿಡಿದು, ಅದರ ಚಿತ್ರವನ್ನು ತೆಗೆಯಲಿ. ದಿನಾಂಕ ಬರೆಯಲಿ. ನಾಳೆಯೂ ಮಾಡಲಿ. ಊರು ಬಿಟ್ಟು ಬಂದ ನಮಗೆ ಇಲ್ಲಿ ಹೊಲಗದ್ದೆಗಳಿಲ್ಲ, ಹಿರಿಯರ ಮನೆಯಿಲ್ಲ. ಆದರೆ ಮಾಳಿಗೆಯ ಮೇಲಿನ ಬಿಸಿಲಿಗೆ ಕೊರತೆಯಿಲ್ಲ, ಕಚೇರಿ ಬಿಟ್ಟಮೇಲಿನ ಒಂದು ಗಂಟೆ ನಮ್ಮದೇ. ಅದನ್ನು ದಿನವೂ ಜಮಾ ಮಾಡುತ್ತ ಹೋದರೆ ಅಸಲು ಸಣ್ಣದಾದರೂ ಬಡ್ಡಿ ಮೊಮ್ಮಕ್ಕಳ ಕಾಲಕ್ಕಾದರೂ ಸಿಕ್ಕೇ ಸಿಗುತ್ತದೆ.