ಮೆಲುದನಿಯನ್ನೇ ಆರಿಸಿಕೊಂಡ ತಾರೆಗ

ಬಸ್ಸು, ಕಚೇರಿ, ಮದುವೆ ಮಂಟಪ, ಆಸ್ಪತ್ರೆಯ ಮೊಗಸಾಲೆ ಎನ್ನದೆ ಒಂದು ಕಾಲದಲ್ಲಿ ಎಲ್ಲೆಲ್ಲೂ ಮೊಳಗುತ್ತಿದ್ದ ನೋಕಿಯಾ ಮೊಬೈಲಿನ ರಿಂಗ್‌ಟೋನ್ ಕೇಳದವರು ವಿರಳ. 1994ರಲ್ಲಿ ನೋಕಿಯಾ 2110 ಮಾದರಿಯೊಂದಿಗೆ ಲೋಕಸಂಚಾರಕ್ಕೆ ಹೊರಟ ಆ ಪುಟ್ಟ ಸ್ವರಗುಚ್ಛ ಯಾವ ಕಂಪನಿಯ ಸೃಷ್ಟಿಯೂ ಅಲ್ಲ. ಸ್ಪೇನ್ ದೇಶದ ಫ್ರಾನ್ಸಿಸ್ಕೊ ತಾರೆಗ ಗಿಟಾರಿಗೆಂದೇ ರಚಿಸಿದ 'ಗ್ರಾನ್ ವಾಲ್ಸ್' ಎಂಬ ಕೃತಿಯಿಂದ ಎತ್ತಿಕೊಂಡ ತುಣುಕು ಅದು. ಗದ್ದಲದ ನಡುವೆಯೂ ಕೇಳಿಸಲೆಂದು ಜಗತ್ತು ಬಳಸಿಕೊಂಡ ಈ ಸ್ವರಗಳ ಕರ್ತೃ, ಬದುಕಿನುದ್ದಕ್ಕೂ ಗಟ್ಟಿ ದನಿಯನ್ನು ಬಿಟ್ಟು ಮೆಲುದನಿಯನ್ನೇ ಆರಿಸಿಕೊಂಡವನು ಎಂಬುದು ಕಾಲದ ವಿನೋದ.

ತಾರೆಗ ಜನಿಸಿದ್ದು 1852ರ ನವೆಂಬರ್ 21ರಂದು, ಪೂರ್ವ ಸ್ಪೇನಿನ ವಿಲ್ಯಾರಿಯಲ್ ಎಂಬ ಊರಿನಲ್ಲಿ. ತಂದೆ ಕಾವಲುಗಾರ; ಬಿಡುವಿನಲ್ಲಿ ಗಿಟಾರ್ ಮೀಟುವ ಹವ್ಯಾಸವುಳ್ಳವನು. ಎಳವೆಯಲ್ಲಿ ಮಗು ನೀರಾವರಿ ಕಾಲುವೆಯೊಂದಕ್ಕೆ ಬಿದ್ದು, ಕಣ್ಣಿಗೆ ಸೋಂಕು ತಗುಲಿ, ದೃಷ್ಟಿ ಶಾಶ್ವತವಾಗಿ ಮಂದವಾಯಿತು. ಮಗ ಮುಂದೆ ಪೂರ್ಣ ಕುರುಡನಾದರೆ ಅನ್ನಕ್ಕೇನು ದಾರಿ ಎಂಬ ಚಿಂತೆ ತಂದೆಯನ್ನು ಕಾಡಿತು. ಸಂಗೀತ ಕಲಿತರೆ ಹೊಟ್ಟೆ ಹೊರೆದುಕೊಂಡಾನು ಎಂದು ಸಂಸಾರವನ್ನೇ ಸಮೀಪದ ಕಾಸ್ತೆಲ್ಯೋನ್ ಪಟ್ಟಣಕ್ಕೆ ಸಾಗಿಸಿದ. ಅಲ್ಲಿ ಬಾಲಕನಿಗೆ ಮೊದಲ ಪಾಠ ಹೇಳಿದ ಇಬ್ಬರು ಗುರುಗಳೂ ಅಂಧರೇ ಆಗಿದ್ದರು. ಒಬ್ಬನಿಂದ ಪಿಯಾನೊ, ಇನ್ನೊಬ್ಬನಿಂದ ಗಿಟಾರ್.

ಈ ಎರಡು ವಾದ್ಯಗಳ ನಡುವಿನ ಜಗ್ಗಾಟ ಮುಂದಿನ ಹದಿನೈದು ವರ್ಷ ಅವನನ್ನು ಬಿಡಲಿಲ್ಲ. ಅಂದಿನ ಯೂರೋಪಿನಲ್ಲಿ ಪಿಯಾನೊ ಸಂಗೀತಲೋಕದ ಅರಸ. ದೊಡ್ಡ ಸಭಾಂಗಣವನ್ನು ತುಂಬಬಲ್ಲ ವಾದ್ಯ. ಗಿಟಾರಿಗಾದರೋ ಹೋಟೆಲು, ಪಾನಗೃಹ, ಬೀದಿಗಳೇ ಆಶ್ರಯ. 1862ರಲ್ಲಿ ಹುಲಿಯಾನ್ ಅರ್ಕಾಸ್ ಎಂಬ ಪ್ರಖ್ಯಾತ ವಾದಕ ಕಾಸ್ತೆಲ್ಯೋನಿಗೆ ಬಂದು ಕಛೇರಿ ನೀಡಿದ. ಬಾಲಕನ ಕೈಚಳಕ ಕಂಡು, ಬಾರ್ಸಿಲೋನಾಕ್ಕೆ ಕಳುಹಿಸಿದರೆ ತಾನೇ ಕಲಿಸುವುದಾಗಿ ಒಪ್ಪಿದ. ತಂದೆಯೂ ಒಪ್ಪಿದ, ಆದರೆ ಪಿಯಾನೊ ಅಭ್ಯಾಸ ನಿಲ್ಲಕೂಡದೆಂಬ ಷರತ್ತಿನ ಮೇಲೆ. ಬಾರ್ಸಿಲೋನಾ ತಲುಪಿದ ಕೆಲವೇ ದಿನಗಳಲ್ಲಿ ಅರ್ಕಾಸ್ ಪ್ರವಾಸ ಹೊರಟುಹೋದ. ಹತ್ತು ವರ್ಷದ ಹುಡುಗ ಹೇಳದೆ ಕೇಳದೆ ಓಡಿಹೋಗಿ ಹೋಟೆಲುಗಳಲ್ಲಿ ಗಿಟಾರ್ ನುಡಿಸಿ ಹೊಟ್ಟೆ ಹೊರೆಯತೊಡಗಿದ. ತಂದೆ ಹುಡುಕಿ ತಂದು ಮನೆಯಲ್ಲಿ ಕೂರಿಸಿದರೂ ಹದಿಮೂರರಲ್ಲಿ ಮತ್ತೊಮ್ಮೆ ಪರಾರಿ. ಈ ಸಲ ವೆಲೆನ್ಸಿಯಾದ ಜಿಪ್ಸಿಗಳ ಗುಂಪಿನೊಡನೆ. ವಿಚಿತ್ರವೆಂದರೆ, ಹರೆಯಕ್ಕೆ ಬರುವಷ್ಟರಲ್ಲಿ ಅವನಿಗೆ ಗೊತ್ತಾದ ಕೂಲಿ ದೊರಕಿಸಿಕೊಟ್ಟದ್ದು ಪಿಯಾನೊ. ಬುರಿಯಾನಾ ಪಟ್ಟಣದ ಮನರಂಜನಾ ಗೃಹವೊಂದರಲ್ಲಿ ಪಿಯಾನೊ ವಾದಕನ ಕೆಲಸ ಸಿಕ್ಕಿತು.

1869ರಲ್ಲಿ ಶ್ರೀಮಂತ ಅಭಿಮಾನಿಯೊಬ್ಬ ಹದಿನೇಳರ ತಾರೆಗನನ್ನು ಸೆವಿಲ್ ನಗರಕ್ಕೆ, ಆಂತೋನಿಯೊ ದ ತೋರೆಸನ ಕಾರ್ಯಾಗಾರಕ್ಕೆ ಕರೆದೊಯ್ದ. ತೋರೆಸ್ ವೃತ್ತಿಯಲ್ಲಿ ಬಡಗಿ. ಆದರೆ ಇಂದು ಕ್ಲಾಸಿಕಲ್ ಗಿಟಾರ್ ಎಂದು ಅಂಗಡಿಗಳಲ್ಲಿ ಮಾರುವ ವಾದ್ಯದ ಆಕಾರ ಬಹುಮಟ್ಟಿಗೆ ಅವನ ಕೈಯಿಂದ ಬಂದದ್ದು. ಅದುವರೆಗಿನ ಗಿಟಾರುಗಳು ಕಿರಿದಾದ ಒಡಲಿನವು, ದನಿಯೂ ಕಿರಿದು. ತೋರೆಸ್ ಒಡಲನ್ನು ಹಿಗ್ಗಿಸಿದ, ಮೇಲ್ಹಲಗೆಯನ್ನು ತೆಳುವಾಗಿಸಿ ಕೊಂಚ ಉಬ್ಬಿಸಿದ, ಅದರ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡ ಏಳು ಪಟ್ಟಿಗಳ ಆಧಾರ ಕೊಟ್ಟ. ತಂತಿಯ ಮಿಡಿಯುವ ಉದ್ದವನ್ನು ಸುಮಾರು 650 ಮಿಲಿಮೀಟರಿಗೆ ನಿಲ್ಲಿಸಿದ. ಇಂದಿಗೂ ಅದೇ ವಾಡಿಕೆಯ ಅಳತೆ. ದನಿ ಹುಟ್ಟುವುದು ಮೇಲ್ಹಲಗೆಯಲ್ಲೇ ಹೊರತು ಬೆನ್ನು ಪಕ್ಕೆಗಳ ಬೆಲೆಬಾಳುವ ಮರದಲ್ಲಲ್ಲ ಎಂದು ತೋರಿಸಲು 1862ರಲ್ಲಿ ರಟ್ಟಿನ ಬೆನ್ನು, ರಟ್ಟಿನ ಪಕ್ಕೆಗಳ ಗಿಟಾರೊಂದನ್ನೇ ಮಾಡಿಟ್ಟಿದ್ದ. ಮೊದಲ ಗಿಟಾರ್ ಕೊಳ್ಳಲು ಹೋಗಿ ಹೊಳಪಿಗೂ ಚಿತ್ತಾರಕ್ಕೂ ಮನಸೋಲುವವರಿಗೆ ಈ ರಟ್ಟಿನ ಗಿಟಾರಿನ ನೆನಪು ಇದ್ದರೆ ಒಳಿತು.

ತೋರೆಸ್ ಮೊದಲು ಹುಡುಗನ ಕೈಗೆ ಸಾಧಾರಣ ಗಿಟಾರೊಂದನ್ನು ಕೊಟ್ಟನಂತೆ. ನುಡಿಸಿದ್ದನ್ನು ಕೇಳಿದೊಡನೆ ಅದನ್ನು ಹಿಂದಕ್ಕೆ ಪಡೆದು, ಒಳಗೆ ಹೋಗಿ, ಕೆಲವು ವರ್ಷಗಳ ಹಿಂದೆ ತನಗೆಂದೇ ಮಾಡಿಟ್ಟುಕೊಂಡಿದ್ದ ವಾದ್ಯವನ್ನು ತಂದೊಪ್ಪಿಸಿದ ಎಂಬ ಕಥೆಯನ್ನು ಶಿಷ್ಯಪರಂಪರೆ ಕಾಪಾಡಿಕೊಂಡು ಬಂದಿದೆ. 1864ರ ಆ ಗಿಟಾರೇ ತಾರೆಗನ ಹಲವು ವರ್ಷಗಳ ಸಂಗಾತಿಯಾಯಿತು. ಆದರೆ ಅದನ್ನು ಮಾಡಿದವನ ಪಾಡು ನೋಡಿ: ಕೆಲಕಾಲದಲ್ಲೇ ತೋರೆಸ್ ಸೆವಿಲ್ ತೊರೆದು ಹುಟ್ಟೂರಾದ ಆಲ್ಮೆರಿಯಾಕ್ಕೆ ಮರಳಿ, ಪಿಂಗಾಣಿ ಸಾಮಾನಿನ ಅಂಗಡಿ ತೆರೆದ. ಸರ್ವಶ್ರೇಷ್ಠ ಗಿಟಾರು ಮಾಡಿದವನಿಗೂ ಗಿಟಾರೊಂದೇ ಅನ್ನ ಕೊಡದ ಕಾಲವದು.

ತಾರೆಗ 1874ರಲ್ಲಿ ಮ್ಯಾಡ್ರಿಡ್ ಸಂಗೀತ ಶಾಲೆ ಸೇರಿದ್ದರಲ್ಲಿ ಈ ಭಯವೂ ಇದ್ದೀತು. ಕಲಿತದ್ದು ಪಿಯಾನೊ ಮತ್ತು ಸಂಗೀತಶಾಸ್ತ್ರ. ಪಿಯಾನೊ ಹಿಡಿದಿದ್ದರೆ ಪಾಠ, ಪಕ್ಕವಾದ್ಯ, ವಾದ್ಯವೃಂದ ಎಂದು ಬದುಕು ನೇರವಾಗಿ ಸಾಗುತ್ತಿತ್ತು. ಆದರೆ ಅವನ ಗಿಟಾರ್ ಕೇಳಿದ ಶಾಲೆಯ ಮುಖ್ಯಸ್ಥ ಎಮಿಲಿಯೊ ಅರಿಯೆತಾ, ಈ ಅನಾಥ ವಾದ್ಯಕ್ಕೆ ನಿನ್ನ ಅಗತ್ಯವಿದೆ ಎಂಬರ್ಥದ ಸಲಹೆಯಿತ್ತ. ತಾರೆಗ ಗಿಟಾರನ್ನು ಆರಿಸಿಕೊಂಡ. 1881ರಲ್ಲಿ ಫ್ರಾನ್ಸಿಗೂ ಬಳಿಕ ಲಂಡನ್ನಿಗೂ ಹೋಗಿ ನುಡಿಸಿ ಹೆಸರು ಗಳಿಸಿದರೂ ಸಭಾಂಗಣ ದೊಡ್ಡದಾದಷ್ಟೂ ಅವನಿಗೆ ಅಳುಕು. ಮನೆಯೊಂದರಲ್ಲಿ, ಉಸಿರು ಬಿಗಿಹಿಡಿದು ಕೇಳುವ ಹತ್ತಾರು ಜನರೆದುರು ನುಡಿಸುವುದರಲ್ಲೇ ಸುಖ. 1885ರಿಂದ ಬಾರ್ಸಿಲೋನಾದಲ್ಲಿ ನೆಲೆಸಿ, ಶಿಷ್ಯರಿಗೆ ಕಲಿಸಿ, ಪೋಷಕರ ನೆರವು ಪಡೆದು ಬದುಕಿದ. ಸಿರಿವಂತನಾಗಲಿಲ್ಲ.

ಕಲಿತ ಪಿಯಾನೊ ವ್ಯರ್ಥವಾಗಲಿಲ್ಲ ಎಂಬುದು ಇಲ್ಲಿನ ಸ್ವಾರಸ್ಯ. ಬಾಖ್, ಬೀಥೋವನ್, ಶೋಪಾನ್, ಷೂಮನ್ ಕೃತಿಗಳನ್ನು ಅವನು ಆರು ತಂತಿಗಳಿಗೆ ಒಗ್ಗಿಸಿದ. ಸಮಕಾಲೀನ ಗೆಳೆಯ ಅಲ್ಬೇನಿಸನ ಪಿಯಾನೊ ರಚನೆಗಳನ್ನೂ ಹಾಗೆಯೇ. ಗ್ರನಾಡಾದ ಅರಮನೆಯ ನೆನಪಿನಲ್ಲಿ ರಚಿಸಿದ 'ರೆಕುಯೆರ್ದೋಸ್ ದ ಲಾ ಆಲಂಬ್ರಾ'ದಲ್ಲಿ ಹೆಬ್ಬೆರಳು ಕೆಳಗೆ ತನ್ನ ಪಾಡಿಗೆ ನಡೆಯುತ್ತಿರುವಾಗ ಉಳಿದ ಮೂರು ಬೆರಳುಗಳು ಒಂದೇ ಸ್ವರವನ್ನು ಸರದಿಯಂತೆ ಮತ್ತೆ ಮತ್ತೆ ಮೀಟುತ್ತವೆ. ಮೀಟಿದ ಮರುಕ್ಷಣ ಕರಗುವ ದನಿ ಹೀಗೆ ಎಳೆಯಾಗಿ ಹರಿಯುತ್ತದೆ. ಗಿಟಾರಿನ ಕೊರತೆಯನ್ನೇ ಗುಣವಾಗಿಸಿದ ಈ ಉಪಾಯಕ್ಕಿಂತ ಜಾಣತನದ್ದು ಆ ವಾದ್ಯದ ಸಾಹಿತ್ಯದಲ್ಲಿ ಹೆಚ್ಚಿಲ್ಲ. ಕೂರುವ ಭಂಗಿಯೂ ಅವನಿಂದಲೇ ನೆಲೆಗೊಂಡಿತು: ಪುಟ್ಟ ಮಣೆಯ ಮೇಲೆ ಎಡಗಾಲು, ಎಡತೊಡೆಯ ಮೇಲೆ ಗಿಟಾರ್.

ಐವತ್ತರ ಆಸುಪಾಸಿನಲ್ಲಿ ಅವನು ಬಲಗೈ ಉಗುರುಗಳನ್ನು ಕತ್ತರಿಸಿ, ಬೆರಳ ತುದಿಯ ಮಾಂಸದಿಂದಲೇ ನುಡಿಸತೊಡಗಿದ. ಕುರಿಯ ಕರುಳಿನ ತಂತಿಗೆ ಉಗುರು ತಾಗಿದರೆ ದನಿ ಚುರುಕು, ಗಟ್ಟಿ. ಬರಿಯ ಬೆರಳು ತಾಗಿದರೆ ದುಂಡಗೆ, ಮೃದು. ಮೊದಲೇ ಮೆಲುವಾದ ವಾದ್ಯ ಇದರಿಂದ ಇನ್ನೂ ಮೆಲುವಾಯಿತು. ದಶಕಗಳ ರೂಢಿಯನ್ನು ಆ ವಯಸ್ಸಿನಲ್ಲಿ ಕಿತ್ತೊಗೆದು ಹೊಸದಾಗಿ ಅಭ್ಯಾಸಕ್ಕೆ ಕೂರುವುದು ಸಣ್ಣ ಮಾತಲ್ಲ. ಶಿಷ್ಯರಲ್ಲಿ ಎಮಿಲಿಯೊ ಪೂಜೋಲ್ ಗುರುವಿನ ಹಾದಿ ಹಿಡಿದ; ಮಿಗೆಲ್ ಲ್ಯೊಬೆತ್ ಉಗುರು ಬಿಡಲಿಲ್ಲ. ಆ ಚರ್ಚೆ ಇನ್ನೂ ಮುಗಿದಿಲ್ಲವಾದರೂ ಇಂದಿನ ಕ್ಲಾಸಿಕಲ್ ವಾದಕರಲ್ಲಿ ಬಹುಪಾಲು ಜನ ಉಗುರಿನ ಪಕ್ಷ.

ಕರುಳಿನ ತಂತಿಗಳೂ ಉಳಿಯಲಿಲ್ಲ. ಎರಡನೇ ಮಹಾಯುದ್ಧದ ಬಳಿಕ ಆ ಜಾಗಕ್ಕೆ ನೈಲಾನ್ ಬಂತು. ಇಂದು ಹೊಸಬನೆದುರು ಮೂರು ಬಗೆಯ ಗಿಟಾರುಗಳಿರುತ್ತವೆ. ವಿದ್ಯುತ್ತಿನಿಂದ ದನಿ ಹಿಗ್ಗಿಸಿಕೊಳ್ಳುವ ಎಲೆಕ್ಟ್ರಿಕ್ ಒಂದು. ಉಕ್ಕಿನ ತಂತಿಯ, ಹಾಡಿಗೆ ಹಿಮ್ಮೇಳವಾಗಿ ಝೇಂಕರಿಸುವ, ಮೊದಲ ವಾರಗಳಲ್ಲಿ ಎಡಗೈ ಬೆರಳುಗಳನ್ನು ನೋಯಿಸುವ ಅಕೂಸ್ಟಿಕ್ ಇನ್ನೊಂದು. ನೈಲಾನ್ ತಂತಿಯ, ಬೆರಳಿಗೆ ಮೃದುವಾದರೂ ಅಗಲ ಕತ್ತಿನಿಂದಾಗಿ ಪುಟ್ಟ ಕೈಗಳನ್ನು ಕಾಡುವ ಕ್ಲಾಸಿಕಲ್ ಮೂರನೆಯದು. ತೋರೆಸ್ ಹುಡುಗನ ಕೈಗಿತ್ತದ್ದರ ವಂಶಜ ಈ ಮೂರನೆಯದು. ಅದನ್ನು ಆರಿಸಿಕೊಂಡವರು ಇಂದಲ್ಲ ನಾಳೆ ತಾರೆಗನ 'ಲಾಗ್ರಿಮಾ'ದಂತಹ ಪುಟ್ಟ ಕೃತಿಗೆ ಬಂದು ಮುಟ್ಟುತ್ತಾರೆ.

1906ರಲ್ಲಿ ಪಾರ್ಶ್ವವಾಯು ಬಡಿದು ತಾರೆಗನ ಬಲಭಾಗ ಸ್ವಾಧೀನ ತಪ್ಪಿತು. ತಂತಿ ಮೀಟುವ ಕೈಯೇ ಅದು. ಪೂರ್ಣ ಚೇತರಿಕೆ ಆಗಲಿಲ್ಲ. ಆದರೂ ಮತ್ತೆ ಕಲಿಕೆಗೆ ಕೂತ, ನುಡಿಸಿದ, ಬರೆದ. 1909ರ ಡಿಸೆಂಬರ್ 15ರಂದು ಬಾರ್ಸಿಲೋನಾದಲ್ಲಿ ಕೊನೆಯುಸಿರೆಳೆದಾಗ ಐವತ್ತೇಳು ವರ್ಷ. ಅದೇ 1909ರಲ್ಲಿ ಗ್ರನಾಡಾದಲ್ಲಿ ಆಂದ್ರೆಸ್ ಸೆಗೋವಿಯಾ ಎಂಬ ಹದಿನಾರರ ಹುಡುಗ ಮೊದಲ ಕಛೇರಿ ನೀಡಿದ್ದ. ಮುಂದೆ ಗಿಟಾರನ್ನು ಸಾವಿರಾರು ಜನರ ಸಭಾಂಗಣಗಳಿಗೆ ಕೊಂಡೊಯ್ದವನು ಅವನೇ. ಇಬ್ಬರ ಭೇಟಿ ಆಗಲೇ ಇಲ್ಲ.