ಶಾಸನಗಳಿಗೆ ವಿಳಾಸವಿತ್ತ ರೈಸರು

ಹುಂಚದ ಪಂಚಬಸದಿಯ 1077ರ ಶಾಸನವನ್ನು ವಿದ್ವಾಂಸರು ‘ನಗರ 35’ ಎಂದು ಉಲ್ಲೇಖಿಸುತ್ತಾರೆ. ಹುಂಚವಿರುವುದು ಹೊಸನಗರ ತಾಲ್ಲೂಕಿನಲ್ಲಿ. ತಾಲ್ಲೂಕಿಗೆ ನಗರವೆಂಬ ಹೆಸರಿದ್ದ ಕಾಲದಲ್ಲಿ ಆ ವಿಳಾಸವನ್ನು ಬರೆದಿಟ್ಟವರು ಬೆಂಜಮಿನ್ ಲೂಯಿ ರೈಸ್.

ರೈಸರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು. ಇಂಗ್ಲೆಂಡಿನಲ್ಲಿ ಓದಿ ಬಂದ ಮಗ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಮುಂದೆ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರು, ಆಮೇಲೆ ಡೈರೆಕ್ಟರು. ಮೇಜರ್ ಡಿಕ್ಸನ್ ತೆಗೆಸಿದ್ದ ಛಾಯಾಚಿತ್ರಗಳನ್ನು ನೋಡಿ ಶಾಸನಗಳನ್ನು ಓದಿ, ಅನುವಾದಿಸಿ, 1879ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಆದರೆ ಸವೆದ ಅಕ್ಷರ ಛಾಯಾಚಿತ್ರಕ್ಕೆ ಸಿಕ್ಕುವುದು ಅಪರೂಪ. ಕಲ್ಲಿನ ಬಳಿಗೇ ಹೋಗಬೇಕು, ಅಚ್ಚು ತೆಗೆಯಬೇಕು. ಶಾಸನಗಳನ್ನು ಹುಡುಕುವ ಈ ಕೆಲಸ ಅವರ ಆಯುಷ್ಯದ ಬಹುಭಾಗವನ್ನು ನುಂಗಿತು. ಪಂಡಿತರ ತಂಡವೊಂದು ಅವರೊಡನೆ ದುಡಿಯಿತು. ಆ ಪಂಡಿತರ ಶ್ರಮವನ್ನು ನಾವು ಸಾಕಷ್ಟು ನೆನೆಯುವುದಿಲ್ಲವೆಂಬ ಕೊರಗು ನನಗಿದೆ.

ಹೀಗೆ ದೊರೆತ ಎಂಟು ಸಾವಿರಕ್ಕೂ ಮಿಕ್ಕ ಶಾಸನಗಳನ್ನು ಜೋಡಿಸುವುದು ಹೇಗೆ? ರಾಜವಂಶಗಳಂತೆ ಜೋಡಿಸಬಹುದಿತ್ತು, ಆದರೆ ವಂಶ ಯಾವುದೆಂಬುದೇ ಎಷ್ಟೋ ಕಡೆ ವಿವಾದದ ವಿಷಯ. ಕಲ್ಲು ಯಾವ ಊರಿನಲ್ಲಿದೆ ಎಂಬುದರಲ್ಲಿ ವಿವಾದವಿಲ್ಲ. ರೈಸರು ತಾಲ್ಲೂಕನ್ನು ಹಿಡಿದರು. ಪ್ರತಿ ತಾಲ್ಲೂಕಿಗೂ ಒಂದರಿಂದ ಮೊದಲಾಗುವ ಸಂಖ್ಯೆಗಳನ್ನಿತ್ತರು. 1886ರಿಂದ ಹೊರಬರತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಹೆಚ್ಚಿನವಕ್ಕೆ ಇದೇ ಕ್ರಮ. 1904ರ ಎಂಟನೆಯ ಸಂಪುಟದಲ್ಲಿ ಸಾಗರ, ನಗರ, ತೀರ್ಥಹಳ್ಳಿಗಳು ಸೊರಬದೊಡನೆ ಸೇರಿವೆ. ಇತಿಹಾಸವನ್ನರಿಯದ ಹಳ್ಳಿಯ ಮೇಷ್ಟರೂ ತಮ್ಮೂರಿನ ಕಲ್ಲನ್ನು ಅದರಲ್ಲಿ ಹುಡುಕಿಕೊಳ್ಳಬಲ್ಲರು.

ನನಗೆ ಇನ್ನೂ ದೊಡ್ಡದಾಗಿ ತೋರುವುದು ಮುದ್ರಣದ ವಿಧಾನ. ಶಾಸನದ ಪಾಠ ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ, ಬೇರೆಯಾಗಿ ಇಂಗ್ಲಿಷ್ ಅನುವಾದ. ಸಾರಾಂಶವನ್ನಷ್ಟೇ ಕೊಟ್ಟಿದ್ದರೆ ಓದುಗನು ರೈಸರ ಮಾತನ್ನು ನಂಬಿ ಸುಮ್ಮನಿರಬೇಕಾಗುತ್ತಿತ್ತು. ಮೂಲವೇ ಕೈಗೆ ಬಂದುದರಿಂದ ವಾದಕ್ಕೆ ಎಡೆಯಾಯಿತು. ಗಂಗರ ತಾಮ್ರಪಟಗಳಲ್ಲಿ ಎಷ್ಟೋ ಕೂಟಶಾಸನಗಳೆಂದು ಫ್ಲೀಟರು ಹಟದಿಂದ ವಾದಿಸಿದರು. ಎಲ್ಲದರಲ್ಲಿಯೂ ರೈಸರೇ ಗೆದ್ದರೆಂದು ಹೇಳಲಾಗದು. ತಮ್ಮನ್ನು ತಿದ್ದುವವರಿಗೆ ಬೇಕಾದ ಸಾಮಗ್ರಿಯನ್ನು ತಾವೇ ಅಚ್ಚುಮಾಡಿ ಹಂಚಿದ ವಿದ್ವಾಂಸರು ಅವರು.

1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಶಾಸನಗಳಿಂದ ಕಂಡ ಮೈಸೂರು, ಕೊಡಗುಗಳ ಚರಿತ್ರೆಯನ್ನು 1909ರಲ್ಲಿ ಪ್ರಕಟಿಸಿ, 1927ರಲ್ಲಿ ಹ್ಯಾರೋದಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರು ಮತ್ತೆ ಊರೂರು ಅಲೆದು, ರೈಸರ ಪಟ್ಟಿಯಲ್ಲಿಲ್ಲದ ಸಾವಿರಾರು ಶಾಸನಗಳನ್ನು ಕಂಡುಹಿಡಿದಿದ್ದರು.